ಓಡಿಟಿ, ಡಾಕ್‌ಎಕ್ಸ್ ಮತ್ತು ನಮ್ಮ ಬರಹ: ಎರಡು ಫಾರ್ಮ್ಯಾಟ್‌ಗಳ ನಡುವೆ ದುಡಿದು ಕಲಿತ ಪಾಠಗಳು

ಕನ್ನಡದ ಹಸ್ತಪ್ರತಿಗಳು, ಸಂಘಸಂಸ್ಥೆಗಳ ವಾರ್ಷಿಕ ವರದಿಗಳು, ಲೆಕ್ಕದ ಹಾಳೆಗಳು, ಸ್ಮರಣ ಸಂಚಿಕೆಗಳು. ಇವನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಕೆಡದಂತೆ ದಾಟಿಸಿಕೊಡುವುದು ನನ್ನ ಕೆಲಸ. ಫೈಲು ತಂದವರು ಸಾಮಾನ್ಯವಾಗಿ ಕೇಳುವುದು ಒಂದೇ: ಓಡಿಟಿ ಒಳ್ಳೆಯದೋ, ಡಾಕ್‌ಎಕ್ಸ್ ಒಳ್ಳೆಯದೋ? ಎರಡೂ ಅಂತರರಾಷ್ಟ್ರೀಯ ಮಾನಕಗಳು, ಎರಡರ ನಿಯಮಾವಳಿಯನ್ನೂ ಯಾರು ಬೇಕಾದರೂ ಓದಬಹುದು. ಹಾಗಿದ್ದರೂ ಇವೆರಡರ ನಡುವೆ ಓಡಾಡುವಾಗ ಪುಟ ಸರಿಯುತ್ತದೆ, ಸೂತ್ರ ಅಳಿಸಿಹೋಗುತ್ತದೆ, ಅಕ್ಷರದ ಗಾತ್ರ ಬದಲಾಗುತ್ತದೆ. ಯಾಕೆ ಹೀಗೆ ಎಂದು ಫೈಲುಗಳನ್ನು ಬಿಚ್ಚಿ ನೋಡುತ್ತ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಒಂದು ಫಾರ್ಮ್ಯಾಟ್ ಎಷ್ಟು ಮುಕ್ತ ಎಂಬುದನ್ನು ನಾನು ಅಳೆಯುವುದು ಒಂದೇ ರೀತಿಯಲ್ಲಿ: ಅದನ್ನು ಹುಟ್ಟಿಸಿದ ತಂತ್ರಾಂಶವನ್ನು ಬದಿಗಿಟ್ಟು, ಬೇರೆಯವರು ಬರೆದ ಇನ್ನೊಂದು ತಂತ್ರಾಂಶದಲ್ಲಿ ಕೆಲಸ ಮುಂದುವರಿಸಲು ಆಗುತ್ತದೆಯೇ?

1. ಮೊದಲು ಫೈಲನ್ನು ಬಿಚ್ಚಿ ನೋಡಿ

ಡಾಕ್‌ಎಕ್ಸ್ ಆಗಲಿ ಓಡಿಟಿ ಆಗಲಿ, ಹೊರಗಿನಿಂದ ಒಂದು ಜಿಪ್ ಫೈಲು ಅಷ್ಟೆ. ಒಂದು ಪ್ರತಿ ಮಾಡಿಕೊಂಡು, ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ತೆರೆಯಿರಿ. ಓಡಿಟಿಯಲ್ಲಿ ಬರಹವೆಲ್ಲ ಕಂಟೆಂಟ್ ಎಂಬ ಎಕ್ಸ್‌ಎಂಎಲ್ ಫೈಲಿನಲ್ಲಿ, ಶೈಲಿಗಳು ಸ್ಟೈಲ್ಸ್ ಎಂಬುದರಲ್ಲಿ, ಲೇಖಕರ ಹೆಸರು ದಿನಾಂಕ ಮುಂತಾದವು ಮೆಟಾ ಎಂಬುದರಲ್ಲಿ ಇರುತ್ತವೆ. ಡಾಕ್‌ಎಕ್ಸ್‌ನಲ್ಲಿ ವರ್ಡ್ ಎಂಬ ಫೋಲ್ಡರ್ ಇದ್ದು, ಅದರೊಳಗಿನ ಡಾಕ್ಯುಮೆಂಟ್ ಎಂಬ ಫೈಲಿನಲ್ಲಿ ಬರಹ ಇರುತ್ತದೆ. ಚಿತ್ರಗಳು ಎರಡರಲ್ಲೂ ಪ್ರತ್ಯೇಕ ಫೋಲ್ಡರಿನಲ್ಲಿ ಸಿಗುತ್ತವೆ. ತೆರೆಯಲು ನಿರಾಕರಿಸುವ ಫೈಲುಗಳಿಂದ ಬರಹವನ್ನೂ ಫೋಟೋಗಳನ್ನೂ ಈ ದಾರಿಯಲ್ಲೇ ಎಷ್ಟೋ ಸಲ ಹೊರತೆಗೆದುಕೊಟ್ಟಿದ್ದೇನೆ. ಹಳೆಯ ಡಾಕ್ ಫೈಲು ಹೀಗೆ ಬಿಚ್ಚಿಕೊಳ್ಳುತ್ತಿರಲಿಲ್ಲ. ಈ ಒಂದು ವಿಷಯದಲ್ಲಿ ಎರಡೂ ಫಾರ್ಮ್ಯಾಟ್‌ಗಳು ನಮಗೆ ದೊಡ್ಡ ಉಪಕಾರ ಮಾಡಿವೆ.

ಒಳಗಿನ ಸ್ವಭಾವ ಮಾತ್ರ ಬೇರೆ ಬೇರೆ. ಓಡಿಟಿ ಸೇರಿರುವ ಓಡಿಎಫ್ ಎಂಬ ಫಾರ್ಮ್ಯಾಟ್ ಕುಟುಂಬವನ್ನು ಕಟ್ಟಿದವರು ಆಗಲೇ ಇದ್ದ ಮಾನಕಗಳನ್ನು ಎತ್ತಿ ಬಳಸಿದರು: ಗಣಿತಕ್ಕೆ ಮ್ಯಾಥ್‌ಎಂಎಲ್, ಚಿತ್ರರಚನೆಗೆ ಎಸ್‌ವಿಜಿಯ ಹೆಸರುಗಳು, ಗ್ರಂಥವಿವರಕ್ಕೆ ಡಬ್ಲಿನ್ ಕೋರ್. ಡಾಕ್‌ಎಕ್ಸ್ ಸೇರಿರುವ ಮೈಕ್ರೋಸಾಫ್ಟ್‌ನ ಆಫೀಸ್ ಓಪನ್ ಎಕ್ಸ್‌ಎಂಎಲ್ ಗಣಿತಕ್ಕೂ ಚಿತ್ರರಚನೆಗೂ ತನ್ನದೇ ವ್ಯವಸ್ಥೆ ಮಾಡಿಕೊಂಡಿತು. ಓಡಿಎಫ್‌ನ ಮೊದಲ ಆವೃತ್ತಿಯ ನಿಯಮಾವಳಿ ಸುಮಾರು 700 ಪುಟ, ಇನ್ನೊಂದರದ್ದು 6000 ಪುಟಕ್ಕೂ ಹೆಚ್ಚು. ಇದಕ್ಕೆ ಕಾರಣವಿದೆ. ಅದುವರೆಗೆ ಜಗತ್ತಿನಲ್ಲಿ ಸೃಷ್ಟಿಯಾಗಿದ್ದ ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ಫೈಲುಗಳಲ್ಲಿದ್ದದ್ದನ್ನೆಲ್ಲ ಏನೂ ಬಿಡದೆ ಹೊರುವುದು ಅದರ ಉದ್ದೇಶವಾಗಿತ್ತು. ಹಾಗಾಗಿ ವರ್ಡ್ 95 ಅಕ್ಷರಗಳ ನಡುವೆ ಜಾಗ ಬಿಡುತ್ತಿದ್ದ ರೀತಿ, ವರ್ಡ್ 97 ಸಾಲು ಮುರಿಯುತ್ತಿದ್ದ ರೀತಿ, ಇಂಥವಕ್ಕೂ ಅದರಲ್ಲಿ ಒಂದೊಂದು ಗುರುತು ಇದೆ. ಆ ಹಳೆಯ ತಂತ್ರಾಂಶ ಹೇಗೆ ನಡೆದುಕೊಳ್ಳುತ್ತಿತ್ತು ಎಂದು ಬಲ್ಲವರಿಗೆ ಮಾತ್ರ ಆ ಗುರುತುಗಳ ಪೂರ್ಣ ಅರ್ಥ ಗೊತ್ತು. ಎರಡನೆಯ ತಂತ್ರಾಂಶ ಎಡವುವುದು ಇಂಥ ಕಡೆ.

2. ಮಾನಕದ ಮುದ್ರೆಯ ಹಿಂದಿನ ಕಥೆ ತಿಳಿದಿರಲಿ

ಜರ್ಮನಿಯ ಸ್ಟಾರ್‌ಡಿವಿಷನ್ ಕಂಪನಿಯನ್ನು ಸನ್ ಮೈಕ್ರೋಸಿಸ್ಟಮ್ಸ್ 1999ರಲ್ಲಿ ಕೊಂಡು, ಅದರ ಸ್ಟಾರ್‌ಆಫೀಸ್ ತಂತ್ರಾಂಶದ ಮೂಲಸಂಕೇತವನ್ನು 2000ದಲ್ಲಿ ಓಪನ್‌ಆಫೀಸ್ ಹೆಸರಿನಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಅದರ ಫೈಲು ರೂಪವನ್ನು ಆಧಾರವಾಗಿಟ್ಟುಕೊಂಡು ಓಯಾಸಿಸ್ ಎಂಬ ಮಾನಕ ಸಂಸ್ಥೆಯ ಸಮಿತಿ 2002ರ ಕೊನೆಗೆ ಕೆಲಸ ಆರಂಭಿಸಿತು. 2005ರ ಮೇ ತಿಂಗಳಲ್ಲಿ ಓಡಿಎಫ್ ಓಯಾಸಿಸ್ ಮಾನಕವಾಯಿತು, 2006ರಲ್ಲಿ ಐಎಸ್‌ಒ 26300 ಆಯಿತು. ಅದೇ 2006ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್‌ನ ಫಾರ್ಮ್ಯಾಟನ್ನು ಎಕ್ಮಾ ಸಂಸ್ಥೆ ಮಾನಕವೆಂದು ಒಪ್ಪಿ, ತ್ವರಿತ ಮಾರ್ಗದಲ್ಲಿ ಐಎಸ್‌ಒ ಮುಂದಿಟ್ಟಿತು. 2007ರ ಸೆಪ್ಟೆಂಬರಿನ ಮತದಾನದಲ್ಲಿ ಅದು ಸೋತಿತು. 2008ರ ಫೆಬ್ರವರಿಯಲ್ಲಿ ಜಿನೀವಾದಲ್ಲಿ ಐದು ದಿನದ ಸಭೆ ಸೇರಿ ಸಾವಿರದಷ್ಟು ತಿದ್ದುಪಡಿ ಉತ್ತರಗಳನ್ನು ವಿಲೇವಾರಿ ಮಾಡಿದರು. ಮಾರ್ಚ್ ಕೊನೆಗೆ ನಡೆದ ಎರಡನೆಯ ಸುತ್ತಿನಲ್ಲಿ, ಮತ ಹಾಕಿದ ಭಾಗವಹಿಸುವ (ಪಿ) ಸದಸ್ಯ ರಾಷ್ಟ್ರಗಳ ಪೈಕಿ ಶೇ. 75ರಷ್ಟು ಒಪ್ಪಿಗೆ ಸಿಕ್ಕಿ ಐಎಸ್‌ಒ 29500 ಹುಟ್ಟಿತು.

ಭಾರತೀಯ ಮಾನಕ ಬ್ಯೂರೋದ ಸಮಿತಿ ಎರಡು ಸುತ್ತಿನಲ್ಲೂ 'ಬೇಡ' ಎಂದೇ ಮತ ಹಾಕಿತ್ತು. ಬಳಿಕ ಮೇಲ್ಮನವಿ ಸಲ್ಲಿಸಿದ ನಾಲ್ಕು ದೇಶಗಳಲ್ಲಿ ಭಾರತವೂ ಒಂದು. ಉಳಿದ ಮೂರು ದಕ್ಷಿಣ ಆಫ್ರಿಕಾ, ಬ್ರೆಜಿಲ್ ಮತ್ತು ವೆನೆಜುವೆಲಾ. ಮೇಲ್ಮನವಿಗಳು ಬಿದ್ದುಹೋದವು. ಆರು ಸಾವಿರ ಪುಟದ ನಿಯಮಾವಳಿಯನ್ನು ಕೆಲವು ತಿಂಗಳಲ್ಲಿ ಯಾವ ದೇಶದ ಸಮಿತಿಯೂ ಸಾಲುಸಾಲಾಗಿ ಪರೀಕ್ಷಿಸಲಾರದು ಎಂಬ ಆಕ್ಷೇಪ ನನ್ನ ಮಟ್ಟಿಗೆ ಇವತ್ತಿಗೂ ಸರಿ. ಐಎಸ್‌ಒ ಮುದ್ರೆ ಇದೆ ಎಂಬ ಒಂದೇ ಕಾರಣಕ್ಕೆ ಫೈಲು ಎಲ್ಲೆಡೆ ಒಂದೇ ರೀತಿ ತೆರೆದೀತು ಎಂದು ನಾನು ಯಾರಿಗೂ ಮಾತು ಕೊಡುವುದಿಲ್ಲ.

3. ಒಂದು ಹೆಸರಿನ ಕೆಳಗೆ ಎರಡು ಫಾರ್ಮ್ಯಾಟ್ ಇರಬಹುದು

ಜಿನೀವಾ ಸಭೆಯ ನಂತರ ಐಎಸ್‌ಒ 29500 ಎರಡು ಕವಲಾಯಿತು. ಹಳೆಯ ಹೊರೆಯನ್ನೆಲ್ಲ ಇಳಿಸಿದ ಶುದ್ಧ ರೂಪ ಸ್ಟ್ರಿಕ್ಟ್. ಹಳೆಯ ಫೈಲುಗಳಿಗಾಗಿ ಉಳಿಸಿಕೊಂಡದ್ದು ಟ್ರಾನ್ಸಿಷನಲ್. ಹೊಸ ದಾಖಲೆಗಳು ಸ್ಟ್ರಿಕ್ಟ್‌ನಲ್ಲಿ ಬರಲಿ ಎಂಬುದು ಆಗಿನ ಆಶಯ. ವರ್ಡ್‌ನಲ್ಲಿ ಸ್ಟ್ರಿಕ್ಟ್ ರೂಪದಲ್ಲಿ ಉಳಿಸುವ ಅವಕಾಶ 2013ರ ಆವೃತ್ತಿಯಲ್ಲಿ ಬಂತು, ಅದೂ ಸೇವ್ ಆಸ್ ಪಟ್ಟಿಯಲ್ಲಿ ಹುಡುಕಿ ಆರಿಸಿಕೊಂಡರೆ ಮಾತ್ರ. ಸುಮ್ಮನೆ ಸೇವ್ ಒತ್ತಿದರೆ ಸಿಗುವುದು ಇವತ್ತಿಗೂ ಟ್ರಾನ್ಸಿಷನಲ್. ನಿಮ್ಮ ಫೈಲು ಯಾವುದೆಂದು ತಿಳಿಯಲು ಬಿಚ್ಚಿ, ಡಾಕ್ಯುಮೆಂಟ್ ಫೈಲಿನ ಮೊದಲ ಸಾಲುಗಳಲ್ಲಿರುವ ವಿಳಾಸ ನೋಡಿ. 'ಸ್ಕೀಮಾಸ್ ಡಾಟ್ ಓಪನ್‌ಎಕ್ಸ್‌ಎಂಎಲ್‌ಫಾರ್ಮ್ಯಾಟ್ಸ್' ಎಂದಿದ್ದರೆ ಟ್ರಾನ್ಸಿಷನಲ್, 'ಪರ್ಲ್ ಡಾಟ್ ಓಸಿಎಲ್‌ಸಿ' ಎಂದಿದ್ದರೆ ಸ್ಟ್ರಿಕ್ಟ್.

ಓಡಿಎಫ್ ಕಡೆಯವರೂ ಇದರಿಂದ ಪೂರ್ತಿ ಹೊರತಲ್ಲ. ಓಪನ್‌ಆಫೀಸ್‌ನಿಂದ ಕವಲೊಡೆದ ಲಿಬ್ರೆಆಫೀಸ್ ಸಹಜವಾಗಿ ಉಳಿಸುವುದು 'ಎಕ್ಸ್‌ಟೆಂಡೆಡ್' ಎಂಬ ರೂಪದಲ್ಲಿ. ಮಾನಕದಲ್ಲಿ ಇನ್ನೂ ಸೇರದ ಸೌಲಭ್ಯಗಳು ಅದರಲ್ಲಿ ಬೇರೆ ಗುರುತಿನಡಿ ಬೆರೆತಿರುತ್ತವೆ. ಕಾಪಿಡಬೇಕಾದ ಫೈಲಾದರೆ ಆಪ್ಷನ್ಸ್‌ನಲ್ಲಿ ಲೋಡ್/ಸೇವ್ ವಿಭಾಗಕ್ಕೆ ಹೋಗಿ, 'ಎಕ್ಸ್‌ಟೆಂಡೆಡ್' ಎಂಬ ಬಾಲ ಇಲ್ಲದ ಆವೃತ್ತಿಯನ್ನು ಆರಿಸುತ್ತೇನೆ.

4. ಲೆಕ್ಕದ ಹಾಳೆಯಲ್ಲಿ ಕಣ್ಣನ್ನು ನಂಬಬೇಡಿ

ಲೆಕ್ಕದ ಹಾಳೆಯಲ್ಲಿ ಸೂತ್ರವಿರುವ ಪ್ರತಿ ಕೋಶದಲ್ಲಿ ಎರಡು ಸಂಗತಿ ಇರುತ್ತವೆ: ಸೂತ್ರ, ಮತ್ತು ಕಳೆದ ಸಲ ಆ ಸೂತ್ರ ಕೊಟ್ಟ ಉತ್ತರ. ಎರಡೂ ಫಾರ್ಮ್ಯಾಟ್‌ಗಳು ಎರಡನ್ನೂ ಬರೆದಿಡುತ್ತವೆ. ಮೊದಲ ಓಡಿಎಫ್ ಆವೃತ್ತಿಗಳಲ್ಲಿ ಒಂದು ದೊಡ್ಡ ಕೊರತೆಯಿತ್ತು. ಸೂತ್ರ ಎಲ್ಲಿ ಕೂರಬೇಕು ಎಂದು ಹೇಳಿದ್ದರೇ ಹೊರತು ಸೂತ್ರವನ್ನು ಯಾವ ವ್ಯಾಕರಣದಲ್ಲಿ ಬರೆಯಬೇಕು ಎಂದು ಹೇಳಿರಲಿಲ್ಲ. 2009ರ ಏಪ್ರಿಲ್‌ನಲ್ಲಿ ಆಫೀಸ್ 2007ರ ಎರಡನೆಯ ಸರ್ವಿಸ್ ಪ್ಯಾಕ್ ಓಡಿಎಫ್ ಬೆಂಬಲದೊಂದಿಗೆ ಬಂದಾಗ ಇದರ ಪರಿಣಾಮ ಬಯಲಾಯಿತು. ಓಪನ್‌ಆಫೀಸ್‌ನಲ್ಲಿ ಮಾಡಿದ ಹಾಳೆಯನ್ನು ಎಕ್ಸೆಲ್‌ನಲ್ಲಿ ತೆರೆದರೆ ಅಂಕಿಗಳೆಲ್ಲ ಸರಿಯಾಗಿ ಕಾಣುತ್ತಿದ್ದವು, ಸೂತ್ರಗಳು ಮಾತ್ರ ಮಾಯ. ಒಟ್ಟು ಮೊತ್ತದ ಕೋಶದಲ್ಲಿ ಬರೀ ಸಂಖ್ಯೆ ಉಳಿದಿರುತ್ತಿತ್ತು. ಮೇಲಿನ ಅಂಕಿ ತಿದ್ದಿದರೂ ಮೊತ್ತ ಕದಲುತ್ತಿರಲಿಲ್ಲ. ಎರಡೂ ತಂತ್ರಾಂಶಗಳು ತಾವು ಮಾನಕದಂತೆಯೇ ನಡೆದೆವು ಎನ್ನಬಹುದಿತ್ತು, ಏಕೆಂದರೆ ಮಾನಕವೇ ಅಲ್ಲಿ ಮೌನವಾಗಿತ್ತು.

2011ರ ಓಡಿಎಫ್ 1.2 ಆವೃತ್ತಿ ಓಪನ್‌ಫಾರ್ಮುಲಾ ಎಂಬ ಭಾಗವನ್ನು ಸೇರಿಸಿ ಈ ಮೌನ ಮುರಿಯಿತು. ಈಗ ಎರಡೂ ಕಡೆ ಸೂತ್ರಗಳು ಬಹುಪಾಲು ಕ್ಷೇಮವಾಗಿ ದಾಟುತ್ತವೆ. ಆದರೂ ಹಾಳೆ ದಾಟಿಸಿದ ಮೇಲೆ ನಾನು ತಪ್ಪದೆ ಮಾಡುವ ಪರೀಕ್ಷೆ ಒಂದಿದೆ. ಮೂಲದ ಒಂದು ಅಂಕಿಯನ್ನು ಬೇಕೆಂದೇ ಬದಲಿಸಿ, ಕೊನೆಯ ಮೊತ್ತ ತಾನಾಗಿ ಬದಲಾಗುತ್ತದೆಯೇ ನೋಡುತ್ತೇನೆ. ಆಡಿಟ್‌ಗೆ ಹೋಗುವ ಹಾಳೆಯಾದರೆ ಪ್ರತಿ ಪುಟದಲ್ಲೂ ಇದನ್ನು ಮಾಡುತ್ತೇನೆ. ಮ್ಯಾಕ್ರೋಗಳ ಮಾತು ಬೇರೆ. ಅವು ಎರಡು ಮಾನಕಗಳ ಹೊರಗೇ ಉಳಿದಿವೆ, ಹಾಗಾಗಿ ಮ್ಯಾಕ್ರೋ ಇರುವ ಹಾಳೆ ಯಾವ ತಂತ್ರಾಂಶದಲ್ಲಿ ಹುಟ್ಟಿತೋ ಅಲ್ಲೇ ಇರಲಿ ಎನ್ನುತ್ತೇನೆ.

5. ಬೇಂದ್ರೆಯವರ ಜನ್ಮದಿನ ಎಕ್ಸೆಲ್‌ಗೆ ಗೊತ್ತಾಗದು

ಕನ್ನಡ ಲೇಖಕರ ಪಟ್ಟಿ ಮಾಡುವವರಿಗೆ ಈ ತೊಂದರೆ ಖಂಡಿತ ಎದುರಾಗುತ್ತದೆ. ಎಕ್ಸೆಲ್ ದಿನಾಂಕವನ್ನು 1900ರ ಜನವರಿ 1ರಿಂದ ಎಣಿಸಿದ ದಿನಗಳ ಸಂಖ್ಯೆಯಾಗಿ ಇಡುತ್ತದೆ. ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29, ಅದನ್ನು ದಿನಾಂಕವೆಂದು ಒಪ್ಪುತ್ತದೆ. ಬೇಂದ್ರೆ 1896ರ ಜನವರಿ 31, ಮಾಸ್ತಿ 1891ರ ಜೂನ್ 6, ಡಿವಿಜಿ 1887ರ ಮಾರ್ಚ್ 17. ಇವೆಲ್ಲ ಅದಕ್ಕೆ ಬರೀ ಅಕ್ಷರಗಳ ಸಾಲು. ಹುಟ್ಟಿದ ದಿನದ ಪ್ರಕಾರ ಪಟ್ಟಿ ಜೋಡಿಸಲು ಹೋದರೆ ಹಿರಿಯರೆಲ್ಲ ಕಿರಿಯರ ಕೆಳಗೆ ಹೋಗಿ ಕೂರುತ್ತಾರೆ. ಸಾಲದ್ದಕ್ಕೆ, 1900 ಅಧಿಕ ವರ್ಷವಲ್ಲದಿದ್ದರೂ ಆ ವರ್ಷದ ಫೆಬ್ರವರಿ 29 ಎಂಬ ಇಲ್ಲದ ದಿನವನ್ನು ಎಕ್ಸೆಲ್ ಲೆಕ್ಕಕ್ಕೆ ಹಿಡಿಯುತ್ತದೆ. ಲೋಟಸ್ 1-2-3ರಲ್ಲಿದ್ದ ತಪ್ಪು ಅದು. ಆ ಹಾಳೆಗಳು ಹೊಂದಿಕೊಳ್ಳಲಿ ಎಂದು ಹಾಗೇ ಉಳಿಸಿಕೊಂಡರು, ಮಾನಕದೊಳಕ್ಕೂ ಬಂತು.

ಓಡಿಎಫ್‌ನ ಲೆಕ್ಕದ ಹಾಳೆಯಾದ ಓಡಿಎಸ್ ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ, 1896-01-31 ಎಂದೇ ಬರೆದಿಡುತ್ತದೆ. ಲೇಖಕರ ಕೋಶ, ಶಾಸನಗಳ ಪಟ್ಟಿ, ಊರಿನ ಚರಿತ್ರೆಯ ಕಾಲಸೂಚಿ, ಇಂಥ ಕೆಲಸಕ್ಕೆ ಓಡಿಎಸ್ ಎಷ್ಟೋ ಮೇಲು. ಎಕ್ಸೆಲ್‌ನಲ್ಲೇ ಮಾಡಬೇಕಾಗಿ ಬಂದರೆ ವರ್ಷ, ತಿಂಗಳು, ದಿನಗಳಿಗೆ ಮೂರು ಬೇರೆ ಕಂಬಸಾಲು ಮಾಡಿ.

6. ಪುಟ ಎಂದರೆ ಏನು ಎಂಬುದರಲ್ಲೇ ಭಿನ್ನಾಭಿಪ್ರಾಯವಿದೆ

ವರ್ಡ್‌ನಲ್ಲಿ ಪುಟದ ಅಳತೆ, ಅಂಚು, ತಲೆಬರಹ, ಅಡಿಬರಹ ಇವೆಲ್ಲ ಸೆಕ್ಷನ್‌ಗೆ ಸೇರಿದವು. ಬರಹವನ್ನು ಸೆಕ್ಷನ್‌ಗಳಾಗಿ ಒಡೆದು, ಪ್ರತಿಯೊಂದಕ್ಕೂ ಪುಟದ ಲಕ್ಷಣ ಹೇಳಬೇಕು. ಲಿಬ್ರೆಆಫೀಸ್ ರೈಟರ್‌ನಲ್ಲಿ ಪುಟಕ್ಕೇ ಒಂದು ಶೈಲಿ ಇದೆ. 'ಮೊದಲ ಪುಟ', 'ಎಡ ಪುಟ', 'ಅಡ್ಡ ಪುಟ' ಎಂದು ಶೈಲಿ ಮಾಡಿಟ್ಟು, ಯಾವುದರ ನಂತರ ಯಾವುದು ಬರಬೇಕೆಂದು ಸೂಚಿಸುತ್ತೇವೆ. ಆಲೋಚನೆಯೇ ಬೇರೆ ಇರುವುದರಿಂದ ಒಂದನ್ನು ಇನ್ನೊಂದಕ್ಕೆ ತಿರುಗಿಸುವಾಗ ತಂತ್ರಾಂಶ ಊಹೆ ಮಾಡಬೇಕಾಗುತ್ತದೆ. ನಡುವೆ ಒಂದೇ ಅಡ್ಡ ಪುಟ, ಅದರಲ್ಲಿ ದೊಡ್ಡ ಕೋಷ್ಟಕ, ಬೇರೆ ಅಡಿಬರಹ ಇರುವ ವರದಿಗಳು ದಾಟುವಾಗ ಹೆಚ್ಚು ಪೆಟ್ಟು ತಿನ್ನುವುದು ಇದಕ್ಕೇ.

ಬರಹದ ಒಳಗಿನ ಅಲಂಕಾರದಲ್ಲೂ ಒಂದು ಪಾಠವಿದೆ. ಅಧ್ಯಾಯದ ಹೆಸರನ್ನು ಕೈಯಿಂದ ದಪ್ಪ ಮಾಡಿ, ದೊಡ್ಡದು ಮಾಡಿ, ಸ್ಪೇಸ್ ಒತ್ತೊತ್ತಿ ನಡುವಿಗೆ ತಂದ ಫೈಲುಗಳು ದಾಟಿದ ಕೂಡಲೇ ಚದುರಿಹೋಗುತ್ತವೆ. ಹೆಡಿಂಗ್ ಶೈಲಿ, ಪ್ಯಾರಾ ಶೈಲಿ ಬಳಸಿ ಕಟ್ಟಿದ ಫೈಲುಗಳು ಎರಡೂ ಕಡೆ ನೆಟ್ಟಗೆ ನಿಲ್ಲುತ್ತವೆ. ಫಾರ್ಮ್ಯಾಟ್ ಯಾವುದೆಂದು ಚರ್ಚಿಸುವುದಕ್ಕಿಂತ ಟೈಪ್ ಮಾಡುವವರಿಗೆ ಶೈಲಿ ಬಳಸುವುದನ್ನು ಕಲಿಸಿದರೆ ಅರ್ಧ ಕೆಲಸ ಮುಗಿದಂತೆ.

7. ಕನ್ನಡಕ್ಕೆ ಫೈಲಿನೊಳಗೆ ಬೇರೆ ಜಾಗವಿದೆ, ಅದನ್ನು ತುಂಬಿ

ಇದು ಗೊತ್ತಿಲ್ಲದೆ ಕಷ್ಟಪಡುವವರನ್ನು ಬಹಳ ನೋಡಿದ್ದೇನೆ. ಎರಡೂ ಫಾರ್ಮ್ಯಾಟ್‌ಗಳು ಲಿಪಿಗಳನ್ನು ಗುಂಪು ಮಾಡುತ್ತವೆ: ರೋಮನ್ ಮುಂತಾದವು ಒಂದು, ಚೀನಿ ಜಪಾನಿ ಕೊರಿಯನ್ ಒಂದು, ಕನ್ನಡ ದೇವನಾಗರಿ ಅರೇಬಿಕ್ ಥರದ ಸಂಕೀರ್ಣ ಲಿಪಿಗಳು ಇನ್ನೊಂದು. ಪ್ರತಿ ಗುಂಪಿಗೂ ಫಾಂಟ್ ಹೆಸರು ಬೇರೆ ಬರೆಯಬೇಕು. ಸಂಕೀರ್ಣ ಲಿಪಿಗೆ ಗಾತ್ರ, ದಪ್ಪ, ಓರೆ ಎಲ್ಲವೂ ಪ್ರತ್ಯೇಕ. ಒಂದು ಶೈಲಿಯಲ್ಲಿ ಇಂಗ್ಲಿಷ್ ಅಕ್ಷರ 12 ಪಾಯಿಂಟ್, ಕನ್ನಡ ಅಕ್ಷರ 10 ಪಾಯಿಂಟ್ ಎಂದು ಇದ್ದರೆ ಫಾರ್ಮ್ಯಾಟ್‌ನ ದೃಷ್ಟಿಯಲ್ಲಿ ಅದು ತಪ್ಪಲ್ಲ. ಟೈಪ್ ಮಾಡುವವರು ಒಂದು ಪೆಟ್ಟಿಗೆಯಲ್ಲಿ ಮಾತ್ರ ಗಾತ್ರ ಬದಲಿಸಿ, ಇನ್ನೊಂದು ಹಾಗೇ ಉಳಿದು, ಬೇರೆ ತಂತ್ರಾಂಶದಲ್ಲಿ ತೆರೆದಾಗ ಕನ್ನಡ ಚಿಕ್ಕದಾಗಿಯೋ ದೊಡ್ಡದಾಗಿಯೋ ಕಾಣುವುದು ಇದರಿಂದಲೇ.

ಲಿಬ್ರೆಆಫೀಸ್‌ನಲ್ಲಿ ಭಾಷೆಯ ಆಯ್ಕೆಗಳಿಗೆ ಹೋಗಿ ಸಂಕೀರ್ಣ ಲಿಪಿಯ ಸೌಲಭ್ಯ ಚಾಲೂ ಇದೆಯೇ ನೋಡಿಕೊಳ್ಳಿ. ಆಗ ಶೈಲಿಯ ಕಿಟಕಿಯಲ್ಲಿ ಪಾಶ್ಚಾತ್ಯ ಲಿಪಿಗೂ ಸಂಕೀರ್ಣ ಲಿಪಿಗೂ ಬೇರೆ ಬೇರೆ ಫಾಂಟ್ ಪೆಟ್ಟಿಗೆ ಕಾಣುತ್ತವೆ. ವರ್ಡ್‌ನ ಫಾಂಟ್ ಕಿಟಕಿಯಲ್ಲೂ ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಎಂಬ ಭಾಗವಿದೆ. ಎರಡನ್ನೂ ತುಂಬಿ, ಭಾಷೆ ಕನ್ನಡ ಎಂದೂ ಗುರುತಿಸಿ. ಪದಪರೀಕ್ಷೆ ಸರಿಯಾಗಿ ನಡೆಯಲು ಅದು ಬೇಕು.

ಪ್ರೋಗ್ರಾಂ ಬರೆದು ಡಾಕ್‌ಎಕ್ಸ್ ಹುಟ್ಟಿಸುವವರಿಗೆ ಇನ್ನೊಂದು ಎಚ್ಚರಿಕೆ. ಪೈಥಾನ್-ಡಾಕ್‌ಎಕ್ಸ್ ಎಂಬ ಜನಪ್ರಿಯ ಲೈಬ್ರರಿಯಲ್ಲಿ ಫಾಂಟ್ ಹೆಸರು ಕೊಟ್ಟರೆ ಅದು ರೋಮನ್ ಅಕ್ಷರಗಳ ಜಾಗವನ್ನು ಮಾತ್ರ ತುಂಬುತ್ತದೆ. ಕನ್ನಡಕ್ಕೆ ಬೇಕಾದ 'ಸಿಎಸ್' ಎಂಬ ಜಾಗವನ್ನು ಎಕ್ಸ್‌ಎಂಎಲ್‌ಗೇ ಕೈಹಾಕಿ ತುಂಬಬೇಕು. ಪ್ರಮಾಣಪತ್ರ, ಅಂಕಪಟ್ಟಿ, ರಸೀದಿಗಳನ್ನು ಹೀಗೆ ತಯಾರಿಸುವ ವ್ಯವಸ್ಥೆಗಳಲ್ಲಿ ಹೆಸರುಗಳು ಒಂದು ಕಂಪ್ಯೂಟರಿನಲ್ಲಿ ಒಂದು ಫಾಂಟ್, ಇನ್ನೊಂದರಲ್ಲಿ ಮತ್ತೊಂದು ಫಾಂಟ್‌ನಲ್ಲಿ ಕಂಡರೆ ಮೊದಲು ನೋಡಬೇಕಾದ ಜಾಗ ಇದು.

ಫಾಂಟ್ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ವಿಂಡೋಸ್‌ಗಳಲ್ಲಿ ಕನ್ನಡಕ್ಕೆ ತುಂಗಾ ಇತ್ತು, ವಿಂಡೋಸ್ 8ರಿಂದ ನಿರ್ಮಲಾ ಬಂತು, ವಿಂಡೋಸ್ 10ರಲ್ಲಿ ತುಂಗಾ ಬೇಕೆಂದರೆ ಬೇರೆಯಾಗಿ ಸೇರಿಸಿಕೊಳ್ಳಬೇಕು. ತುಂಗಾದಲ್ಲಿ ಕಟ್ಟಿದ ನೂರು ಪುಟದ ಪುಸ್ತಕ ಇನ್ನೊಂದು ಫಾಂಟ್‌ಗೆ ಬಿದ್ದರೆ ಪುಟಸಂಖ್ಯೆ ಬದಲಾಗುತ್ತದೆ, ಏಕೆಂದರೆ ಒತ್ತಕ್ಷರಗಳಿಗೆ ಸಾಲಿನ ಕೆಳಗೆ ಬಿಡುವ ಜಾಗ ಫಾಂಟ್‌ನಿಂದ ಫಾಂಟ್‌ಗೆ ಬೇರೆ. ಪರಿವಿಡಿ, ಪದಸೂಚಿ ಎಲ್ಲ ತಪ್ಪುತ್ತವೆ. ಜನ ಇದನ್ನು ಫಾರ್ಮ್ಯಾಟ್‌ನ ದೋಷ ಎಂದುಕೊಳ್ಳುತ್ತಾರೆ. ಮುಕ್ತ ಪರವಾನಗಿಯ ಫಾಂಟ್ ಬಳಸಿ. ನೋಟೊ ಸ್ಯಾನ್ಸ್ ಕನ್ನಡ, ಲೋಹಿತ್, ಗುಬ್ಬಿ, ನವಿಲು ಇವೆ. ಅದನ್ನು ಫೈಲಿನೊಳಗೇ ಅಡಕ ಮಾಡಿ ಕಳಿಸಿ. ಎರಡೂ ಫಾರ್ಮ್ಯಾಟ್‌ಗಳಲ್ಲಿ ಅದಕ್ಕೆ ಅವಕಾಶವಿದೆ. ರೈಟರ್‌ನಲ್ಲಿ ಫೈಲ್ ಮೆನುವಿನ ಪ್ರಾಪರ್ಟೀಸ್‌ನಲ್ಲಿ, ವರ್ಡ್‌ನಲ್ಲಿ ಆಪ್ಷನ್ಸ್‌ನ ಸೇವ್ ಭಾಗದಲ್ಲಿ ಸಿಗುತ್ತದೆ.

8. ಹೊದಿಕೆ ಮುಕ್ತವಾದ ಮಾತ್ರಕ್ಕೆ ಬರಹ ಮುಕ್ತವಾಗದು

ನುಡಿ, ಬರಹ, ಶ್ರೀಲಿಪಿ, ಆಕೃತಿಗಳ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡ ಸಾಹಿತ್ಯ ರಾಶಿರಾಶಿಯಾಗಿದೆ. ಈ ತಂತ್ರಾಂಶಗಳನ್ನು ನಾನು ಹಗುರವಾಗಿ ಕಾಣುವವನಲ್ಲ. ಯೂನಿಕೋಡ್ ಎಲ್ಲೂ ಸರಿಯಾಗಿ ಮೂಡದಿದ್ದ ದಿನಗಳಲ್ಲಿ ಕನ್ನಡವನ್ನು ಕಂಪ್ಯೂಟರಿಗೆ ತಂದವು ಇವೇ. ಆದರೆ ಆ ಫೈಲುಗಳನ್ನು ಬಿಚ್ಚಿ ನೋಡಿದರೆ ಒಳಗೆ ಕನ್ನಡ ಇಲ್ಲ. ನುಡಿಯಲ್ಲಿ 'ಕನ್ನಡ' ಎಂಬ ಪದ ಇಂಗ್ಲಿಷಿನ ಪಿ, ಮೇಲೆ ಗೆರೆಯುಳ್ಳ ಎ, ಪೌಂಡ್ ಚಿಹ್ನೆ, ಕ್ಯೂ ಇತ್ಯಾದಿಯಾಗಿ ಕೂತಿರುತ್ತದೆ. ಆ ಫಾಂಟ್ ಹಾಕಿದಾಗ ಮಾತ್ರ ಕಣ್ಣಿಗೆ ಕನ್ನಡ. ಇಂಥ ಬರಹವನ್ನು ಓಡಿಟಿಯಾಗಿ ಉಳಿಸಿದರೂ, ಸ್ಟ್ರಿಕ್ಟ್ ಡಾಕ್‌ಎಕ್ಸ್ ಆಗಿ ಉಳಿಸಿದರೂ ಹುಡುಕಲು ಆಗದು, ಅಕಾರಾದಿಯಾಗಿ ಜೋಡಿಸಲು ಆಗದು, ದೃಷ್ಟಿದೋಷವುಳ್ಳವರಿಗೆ ಕಂಪ್ಯೂಟರ್ ಓದಿ ಹೇಳಲಾರದು. ನನ್ನ ಬಳಿ ಫಾರ್ಮ್ಯಾಟ್ ಬದಲಿಸಿಕೊಡಿ ಎಂದು ಬರುವವರಲ್ಲಿ ಎಷ್ಟೋ ಮಂದಿಗೆ ನಿಜಕ್ಕೂ ಬೇಕಾಗಿರುವುದು ಯೂನಿಕೋಡ್‌ಗೆ ಪರಿವರ್ತನೆ.

ಪರಿವರ್ತಿಸುವಾಗ ಎರಡು ಫಾರ್ಮ್ಯಾಟ್‌ಗಳ ವ್ಯತ್ಯಾಸ ಚೆನ್ನಾಗಿ ಅನುಭವಕ್ಕೆ ಬರುತ್ತದೆ. ಫೈಲಿನಲ್ಲಿ ನಡುನಡುವೆ ನಿಜವಾದ ಇಂಗ್ಲಿಷ್ ಇರುತ್ತದೆ: ಪುಸ್ತಕದ ಹೆಸರು, ಮಿಂಚಂಚೆ ವಿಳಾಸ, ಅಡಿಟಿಪ್ಪಣಿ. ಇಡೀ ಫೈಲನ್ನು ಪರಿವರ್ತಕಕ್ಕೆ ಸುರಿದರೆ ಆ ಇಂಗ್ಲಿಷ್ ಕೂಡ ಅರ್ಥವಿಲ್ಲದ ಕನ್ನಡವಾಗುತ್ತದೆ. ಹಳೆಯ ಫಾಂಟ್ ಇರುವ ತುಣುಕುಗಳನ್ನು ಮಾತ್ರ ಆರಿಸಬೇಕು. ಡಾಕ್‌ಎಕ್ಸ್‌ನಲ್ಲಿ ಫಾಂಟ್ ಹೆಸರು ಬಹಳ ಸಲ ಆ ತುಣುಕಿನ ಪಕ್ಕದಲ್ಲೇ ಬರೆದಿರುತ್ತದೆ, ಸುಲಭ. ಓಡಿಟಿಯಲ್ಲಿ ಕೈಯಿಂದ ಮಾಡಿದ ಅಲಂಕಾರವೂ ತಾನಾಗಿ ಹುಟ್ಟುವ ಟಿ1, ಪಿ3 ಎಂಬಂಥ ಶೈಲಿಗಳಾಗುವುದರಿಂದ, ತುಣುಕಿನಿಂದ ಶೈಲಿಗೆ, ಶೈಲಿಯಿಂದ ಅದರ ತಾಯಿ ಶೈಲಿಗೆ ಹೋಗಿ ಫಾಂಟ್ ಯಾವುದೆಂದು ಪತ್ತೆ ಮಾಡಬೇಕು. ಹೆಚ್ಚು ಕೆಲಸ, ಆದರೆ ಕ್ರಮಬದ್ಧ. ಒಮ್ಮೆ ಬರೆದ ಪ್ರೋಗ್ರಾಂ ಎಲ್ಲ ಓಡಿಟಿಗಳ ಮೇಲೂ ನಡೆಯುತ್ತದೆ. ಡಾಕ್‌ಎಕ್ಸ್‌ನಲ್ಲೂ ಕೆಲವೊಮ್ಮೆ ಫಾಂಟ್ ಶೈಲಿಯೊಳಗೆ ಅಡಗಿರುವುದುಂಟು, ಅದನ್ನು ಮರೆಯಬಾರದು.

ಇನ್ನೊಂದು ಸಣ್ಣ ವಿಷಯ. 'ರ‍್ಯಾಂಕ್' ಬರೆಯಲು, 'ಫೈಲ್‌ನಲ್ಲಿ' ಎಂದು ಬಿಡಿಸಿ ಬರೆಯಲು ಯೂನಿಕೋಡ್‌ನಲ್ಲಿ ಕಣ್ಣಿಗೆ ಕಾಣದ ಜೋಡಕಗಳು ಬೇಕು. ಎರಡೂ ಫಾರ್ಮ್ಯಾಟ್‌ಗಳು ಅವನ್ನು ನಿಷ್ಠೆಯಿಂದ ಕಾಪಾಡುತ್ತವೆ. ಹಾಳು ಮಾಡುವುದು ನಡುವೆ ಬಳಸುವ ಶುಚಿಗೊಳಿಸುವ ಸಲಕರಣೆಗಳು. ಅಂಥವನ್ನು ಬಳಸಿದ ಮೇಲೆ ಒಂದೆರಡು ಪುಟ ಗಟ್ಟಿಯಾಗಿ ಓದಿ ನೋಡಿ.

9. ಮಾದರಿ ಪತ್ರಗಳಲ್ಲಿ ಪದ ಒಡೆದಿರುತ್ತದೆ

ವರ್ಡ್ ಒಂದೇ ಪದವನ್ನು ಫೈಲಿನೊಳಗೆ ಹಲವು ತುಂಡಾಗಿ ಇಡಬಹುದು. ಎರಡು ಬೇರೆ ಹೊತ್ತಿನಲ್ಲಿ ತಿದ್ದಿದ್ದರೆ, ಪದಪರೀಕ್ಷೆ ಗುರುತು ಹಾಕಿದ್ದರೆ, ನಡುವೆ ಭಾಷೆ ಬದಲಾಗಿದ್ದರೆ ತುಂಡು ಹೆಚ್ಚು. 'ಹೆಸರು ಇಲ್ಲಿ' ಎಂಬ ಗುರುತನ್ನು ಹುಡುಕಿ ಬದಲಿಸುವ ಪ್ರೋಗ್ರಾಂಗೆ ಅದು ಸಿಗುವುದೇ ಇಲ್ಲ, ಪರದೆಯಲ್ಲಿ ಮಾತ್ರ ಅಖಂಡವಾಗಿ ಕಾಣುತ್ತದೆ. ಮಾದರಿಯ ಗುರುತುಗಳನ್ನು ಒಂದೇ ಉಸಿರಿನಲ್ಲಿ ಹೊಸದಾಗಿ ಟೈಪ್ ಮಾಡಿ, ಅಥವಾ ಅದಕ್ಕಾಗಿಯೇ ಇರುವ ಫೀಲ್ಡ್‌ಗಳನ್ನು ಬಳಸಿ. ಬರಹದ ಬದಲಾವಣೆಗಳ ಇತಿಹಾಸ ಕಾಪಿಡಬೇಕಾದ ಕೆಲಸಗಳಿಗೆ ನಾನು ಎಫ್‌ಓಡಿಟಿ ಬಳಸುತ್ತೇನೆ. ಅದು ಜಿಪ್ ಇಲ್ಲದ, ಒಂದೇ ಎಕ್ಸ್‌ಎಂಎಲ್ ಫೈಲಿನ ಓಡಿಎಫ್. ಇವತ್ತಿನ ಪ್ರತಿಗೂ ನಿನ್ನೆಯದಕ್ಕೂ ಏನು ವ್ಯತ್ಯಾಸ ಎಂದು ಸಾಲುಸಾಲಾಗಿ ಹೋಲಿಸಬಹುದು.

10. ಸಂಪಾದನೆಯ ಹೊತ್ತಿನಲ್ಲಿ ದಡ ಬದಲಿಸಬೇಡಿ

ತಿದ್ದುಪಡಿಗಳ ಜಾಡು ಇಡುವ ಸೌಲಭ್ಯವನ್ನು ಎರಡೂ ಫಾರ್ಮ್ಯಾಟ್‌ಗಳು ಬೇರೆ ಬೇರೆ ರೀತಿ ಕಟ್ಟಿವೆ. ಡಾಕ್‌ಎಕ್ಸ್‌ನಲ್ಲಿ ಅಳಿಸಿದ್ದೂ ಸೇರಿಸಿದ್ದೂ ಅದದೇ ಜಾಗದಲ್ಲಿ ಗುರುತಿನೊಂದಿಗೆ ಇರುತ್ತದೆ. ಓಡಿಟಿಯಲ್ಲಿ ಅಳಿಸಿದ ಬರಹವನ್ನು ಎತ್ತಿ ಆರಂಭದ ಒಂದು ಪಟ್ಟಿಗೆ ಸೇರಿಸಿ, ಮೂಲ ಜಾಗದಲ್ಲಿ ಗುರುತು ಮಾತ್ರ ಬಿಡುತ್ತಾರೆ. ಸರಳ ತಿದ್ದುಪಡಿಗಳು ದಾಟುತ್ತವೆ. ಕೋಷ್ಟಕದ ಒಳಗಿನವು, ಅಲಂಕಾರ ಬದಲಿಸಿದವು ದಾಟುವಾಗ ನಂಬಿಕೆ ಸಾಲದು. ಲೇಖಕರು, ಸಂಪಾದಕರು, ಕರಡು ತಿದ್ದುವವರು ಮೂವರೂ ಕೆಲಸ ಮುಗಿಯುವವರೆಗೆ ಒಂದೇ ಫಾರ್ಮ್ಯಾಟ್‌ನಲ್ಲಿರಲಿ. ಲೇಖಕರು ವರ್ಡ್‌ನಲ್ಲಿದ್ದರೆ ನಾನೂ ಡಾಕ್‌ಎಕ್ಸ್‌ನಲ್ಲೇ ತಿದ್ದಿ ಕೊಡುತ್ತೇನೆ. ಓಡಿಎಫ್ ಮೇಲಿನ ನನ್ನ ಒಲವನ್ನು ಇನ್ನೊಬ್ಬರ ಹಸ್ತಪ್ರತಿಯ ಮೇಲೆ ಹೇರುವುದು ಸರಿಯಲ್ಲ.

11. ಓದಲು ಒಂದು, ತಿದ್ದಲು ಇನ್ನೊಂದು

ಸರ್ಕಾರಗಳ ಅನುಭವದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಬ್ರಿಟನ್‌ನದು. 2014ರ ಜುಲೈಯಲ್ಲಿ ಅಲ್ಲಿನ ಕ್ಯಾಬಿನೆಟ್ ಆಫೀಸ್ ಪ್ರಶ್ನೆಯನ್ನೇ ಎರಡಾಗಿ ಒಡೆಯಿತು. ಜನ ಓದುವುದಕ್ಕಷ್ಟೇ ಇರುವ ದಾಖಲೆ ಎಚ್‌ಟಿಎಂಎಲ್ ಅಥವಾ ಪಿಡಿಎಫ್/ಎ, ಜೊತೆಗೂಡಿ ತಿದ್ದುವ ದಾಖಲೆ ಓಡಿಎಫ್. ಅಮೆರಿಕದ ಮ್ಯಾಸಚುಸೆಟ್ಸ್ ರಾಜ್ಯ 2005ರಲ್ಲೇ ಓಡಿಎಫ್ ಆರಿಸಿ, ದೊಡ್ಡ ಗದ್ದಲದ ನಂತರ 2007ರಲ್ಲಿ ಮೈಕ್ರೋಸಾಫ್ಟ್‌ನ ಫಾರ್ಮ್ಯಾಟನ್ನೂ ಪಟ್ಟಿಗೆ ಸೇರಿಸಿತು. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಸುಮಾರು 30,000 ಕಂಪ್ಯೂಟರ್‌ಗಳನ್ನು ಲಿಬ್ರೆಆಫೀಸ್‌ಗೆ ಬದಲಿಸುವುದಾಗಿ 2024ರಲ್ಲಿ ಘೋಷಿಸಿತು. ನಮ್ಮ ಕೇಂದ್ರ ಸರ್ಕಾರದ 2010ರ ಮುಕ್ತ ಮಾನಕಗಳ ನೀತಿ, ಒಂದು ಉದ್ದೇಶಕ್ಕೆ ರಾಯಧನವಿಲ್ಲದ ಒಂದೇ ಮಾನಕ ಇರಲಿ ಎಂದು ಹೇಳಿತು. ಆ ಮಾತು ನನಗೆ ಒಪ್ಪಿಗೆ.

ಆದರೆ ಕನ್ನಡದವರು ಪಿಡಿಎಫ್‌ಗೆ ಮಾತ್ರ ಜೋತುಬೀಳಬಾರದು. ಪಿಡಿಎಫ್ ನೆನಪಿಡುವುದು ಅಕ್ಷರದ ಚಿತ್ರ ಎಲ್ಲಿ ಕೂತಿದೆ ಎಂಬುದನ್ನು. ಕನ್ನಡದಲ್ಲಿ ಗುಣಿತ, ಒತ್ತು ಸೇರಿದಾಗ ಚಿತ್ರಗಳ ಕ್ರಮವೂ ಅಕ್ಷರಗಳ ಕ್ರಮವೂ ಬೇರೆಯಾಗುವುದರಿಂದ, ಪಿಡಿಎಫ್‌ನಿಂದ ಬರಹ ನಕಲು ಮಾಡಿದರೆ ಒತ್ತುಗಳು ಚೆಲ್ಲಾಪಿಲ್ಲಿಯಾಗಿ ಬರುತ್ತವೆ. ಮುದ್ರಣಕ್ಕೆ ಕೊಟ್ಟ ಪಿಡಿಎಫ್ ಒಂದನ್ನೇ ಇಟ್ಟುಕೊಂಡು ಮೂಲ ಫೈಲನ್ನು ಕಳೆದುಕೊಂಡ ಪ್ರಕಾಶಕರು ಎರಡನೆಯ ಮುದ್ರಣಕ್ಕೆ ಇಡೀ ಪುಸ್ತಕವನ್ನು ಮತ್ತೆ ಟೈಪ್ ಮಾಡಿಸಿದ್ದನ್ನು ನೋಡಿ ನನಗೆ ಹೊಟ್ಟೆ ಉರಿದಿದೆ. ಲಿಬ್ರೆಆಫೀಸ್‌ನಲ್ಲಿ ಪಿಡಿಎಫ್ ಮಾಡುವಾಗ 'ಹೈಬ್ರಿಡ್ ಪಿಡಿಎಫ್' ಎಂಬ ಆಯ್ಕೆ ಇದೆ. ಓಡಿಟಿ ಪೂರ್ತಿಯಾಗಿ ಆ ಪಿಡಿಎಫ್‌ನ ಹೊಟ್ಟೆಯೊಳಗೆ ಕೂರುತ್ತದೆ. ಓದುವವರಿಗೆ ಮಾಮೂಲಿ ಪಿಡಿಎಫ್, ಲಿಬ್ರೆಆಫೀಸ್‌ನಲ್ಲಿ ತೆರೆದರೆ ತಿದ್ದಬಹುದಾದ ಬರಹ. ಇಷ್ಟು ಒಳ್ಳೆಯ ಸೌಲಭ್ಯವನ್ನು ಬಳಸುವವರು ಬಹಳ ಕಡಿಮೆ.

12. ಕಾಪಿಡುವುದಕ್ಕೆ ನಾನು ಆರಿಸಿಕೊಂಡದ್ದು

ಕೊಡುಕೊಳ್ಳುವಿಕೆಗೆ ಎದುರಿನವರು ಬಳಸುವ ಫಾರ್ಮ್ಯಾಟ್, ಕಾಪಿಡಲು ಓಡಿಎಫ್. ನಿಯಮಾವಳಿ ಚಿಕ್ಕದು, ಹಳೆಯ ತಂತ್ರಾಂಶದ ನಡವಳಿಕೆಯನ್ನು ಬಲ್ಲವರ ನೆರವಿಲ್ಲದೆ ಓದಬಹುದು, ತಿದ್ದುಪಡಿಗಳು ಒಂದು ಕಂಪನಿಯ ಹಿಡಿತದಲ್ಲಿಲ್ಲ. ಇವು ನನ್ನ ಕಾರಣಗಳು. ಮೈಕ್ರೋಸಾಫ್ಟ್ ಆಫೀಸ್ ಮಾತ್ರ ಇರುವ ಕಚೇರಿಯವರು ಅದನ್ನು ಬಿಡಬೇಕಾಗಿಲ್ಲ. ಅದರಲ್ಲೇ ಓಡಿಟಿಯಾಗಿ ಒಂದು ಪ್ರತಿ ಉಳಿಸಬಹುದು, ಗೂಗಲ್ ಡಾಕ್ಸ್‌ನಿಂದಲೂ ಓಡಿಟಿ ಇಳಿಸಿಕೊಳ್ಳಬಹುದು. ಯೂನಿಕೋಡ್ ಬರಹ, ಅಡಕ ಮಾಡಿದ ಫಾಂಟ್, ಬಾಲವಿಲ್ಲದ ಓಡಿಎಫ್ ಆವೃತ್ತಿ, ಜೊತೆಗೊಂದು ಹೈಬ್ರಿಡ್ ಪಿಡಿಎಫ್. ಪ್ರತಿ ವರ್ಷ ಆ ಸಂಗ್ರಹದಿಂದ ಕೆಲವು ಫೈಲು ಆರಿಸಿ, ಅವನ್ನು ಮಾಡಿದ ತಂತ್ರಾಂಶವಲ್ಲದೆ ಬೇರೊಂದರಲ್ಲಿ ತೆರೆದು, ಒಂದು ಸಾಲು ತಿದ್ದಿ, ಉಳಿಸಿ, ಮತ್ತೆ ಮೊದಲಿನದರಲ್ಲಿ ತೆರೆದು ನೋಡುತ್ತೇನೆ. ಕೆಟ್ಟದ್ದು ಕಂಡರೆ ಮೂಲ ತಂತ್ರಾಂಶ ಇನ್ನೂ ಕೈಲಿರುವಾಗಲೇ ಸರಿಮಾಡಿ, ಯಾವ ಆವೃತ್ತಿಯಲ್ಲಿ ಏನು ಕೆಟ್ಟಿತ್ತು ಎಂದು ಅದೇ ಫೋಲ್ಡರಿನಲ್ಲಿ ಒಂದು ಸಾದಾ ಪಠ್ಯದ ಫೈಲಿನಲ್ಲಿ ಬರೆದಿಡುತ್ತೇನೆ.